ಲೆಮಿಂಗ್ಟನ್ನಿನಲ್ಲಿ ಕಟ್ಟಿದ ಅಮೆರಿಕ

ಬರ್ಮಿಂಗ್‌ಹ್ಯಾಮ್

ನಾನು ಇಂಗ್ಲೆಂಡಿಗೆ ಹೋದದ್ದು ಅಮೆರಿಕವನ್ನು ನೋಡುವುದಕ್ಕೆ. ಈ ಮಾತನ್ನು ಬರ್ಮಿಂಗ್‌ಹ್ಯಾಮ್ ವಿಮಾನ ನಿಲ್ದಾಣದ ಅಧಿಕಾರಿಗೂ ಹೇಳಿ ಪೇಚಿಗೆ ಸಿಕ್ಕಿಕೊಂಡೆ. ಬಂದ ಉದ್ದೇಶವೇನು ಎಂದು ಆತ ಕೇಳಿದ. ನಮ್ಮ ಅಳಿಯ ಒಂದು ಅಮೆರಿಕ ಕಟ್ಟುತ್ತಿದ್ದಾನೆ, ಅದರಲ್ಲಿ ತಪ್ಪು ಹುಡುಕಲು ಬಂದಿದ್ದೇನೆ ಎಂದೆ. ಆತ ನನ್ನ ಪಾಸ್‌ಪೋರ್ಟನ್ನು ಮೇಜಿನ ಮೇಲಿಟ್ಟು ಇನ್ನೊಬ್ಬಾಕೆಯನ್ನು ಕರೆಸಿದ. ನನ್ನ ಹಿಂದೆ ನಿಂತಿದ್ದ ಸರತಿ ಸಾಲು ನಿಟ್ಟುಸಿರು ಬಿಟ್ಟಿತು. ಇಂಗ್ಲಿಷರು ಸಿಟ್ಟು ಬಂದರೆ ಬೈಯುವುದಿಲ್ಲ, ಮೂಗಿನಲ್ಲಿ ಉಸಿರು ಬಿಡುತ್ತಾರೆ.

ನಾನು ಹೇಳಿದ್ದು ನಿಜವೇ ಆಗಿತ್ತು. ದಾವಣಗೆರೆಯ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತಳಾದವಳು ನಾನು. ಬೇರೆಯವರು ವಿಜಯನಗರ, ಮೈಸೂರು ಒಡೆಯರು, ಸ್ವಾತಂತ್ರ್ಯ ಹೋರಾಟ ಎಂದು ಒಳ್ಳೊಳ್ಳೆಯದನ್ನೆಲ್ಲ ಹಂಚಿಕೊಂಡ ಮೇಲೆ ನನ್ನ ಪಾಲಿಗೆ ಉಳಿದದ್ದು ಎರಡನೇ ಮಹಾಯುದ್ಧದ ನಂತರದ ಅಮೆರಿಕ. ಯುದ್ಧ ಗೆದ್ದು ಬಂದ ಸೈನಿಕರು, ಅವರಿಗಾಗಿ ಅಚ್ಚು ಹಾಕಿದಂತೆ ಎದ್ದ ಮನೆಗಳ ಸಾಲು, ಮನೆಗೊಂದು ಫ್ರಿಜ್ಜು, ಫ್ರಿಜ್ಜಿಗಿಂತ ದೊಡ್ಡ ಕಾರು, ಆ ಕಾರಿನ ಹಿಂಬದಿಗೆ ಅಂದಕ್ಕೆಂದು ಹಾರಲಾರದ ಎರಡು ರೆಕ್ಕೆ. ಇಷ್ಟೆಲ್ಲ ಇಟ್ಟುಕೊಂಡೂ ಮಂಚದ ಕೆಳಗೆ ಕಮ್ಯುನಿಸ್ಟ್ ಅಡಗಿದ್ದಾನೆಂದು ಹೆದರಿ ಸಾಯುತ್ತಿದ್ದ ಜನ, ಆ ಹೆದರಿಕೆಯನ್ನೇ ಮಾರಿ ವೋಟು ಗಿಟ್ಟಿಸಿದ ರಾಜಕಾರಣಿಗಳು. ಇದನ್ನೆಲ್ಲ ನೋಡದೆಯೇ ಪಾಠ ಮಾಡಿದೆ. ನೋಡಬೇಕೆಂದು ಅರ್ಜಿ ಹಾಕಿದಾಗ ಅಮೆರಿಕದ ವೀಸಾ ಕೊಡುವವನು ನನ್ನ ಮುಖ ನೋಡಿ, ಗಂಡ ಮಕ್ಕಳಿಲ್ಲದ ಹೆಂಗಸು ವಾಪಸ್ ಹೋಗುತ್ತಾಳೆಂದು ಯಾವ ನಂಬಿಕೆ ಎಂದು ಕಳಿಸಿಬಿಟ್ಟ. ಅಂದಿನಿಂದ ಆ ದೇಶದ ಮೇಲೆ ನನಗಿರುವ ಸಿಟ್ಟು ಬರೀ ಪಾಂಡಿತ್ಯದ ಸಿಟ್ಟಲ್ಲ.

ಹಾಗಿರುವಾಗ ಲೆಮಿಂಗ್ಟನ್ ಸ್ಪಾದಿಂದ ಪ್ರವೀಣ ಫೋನ್ ಮಾಡಿದ. ನನ್ನ ತಂಗಿಯ ಮಗಳು ವಿದ್ಯಾ ಅಲ್ಲಿ ಡಾಕ್ಟರು, ಪ್ರವೀಣ ಅವಳ ಗಂಡ. ವಿಡಿಯೋ ಗೇಮ್ ತಯಾರಿಸುವ ಒಂದು ಕಂಪನಿಯಲ್ಲಿ ಬೀದಿ, ಮನೆ, ಮರ ಬಿಡಿಸುವುದು ಅವನ ಕೆಲಸ.

"ದೊಡ್ಡಮ್ಮ, ನೀವು ಪಾಠ ಮಾಡ್ತಿದ್ದ ಊರನ್ನೇ ಈಗ ನಾವು ಗೇಮ್‌ನಲ್ಲಿ ಕಟ್ತಿದೀವಿ. ಫಿಫ್ಟೀಸ್ ಅಮೆರಿಕ. ಬಂದು ತಪ್ಪು ಹುಡುಕಿ ಕೊಡ್ರಿ," ಎಂದ.

ತಪ್ಪು ಹುಡುಕಲು ನನ್ನನ್ನು ಎರಡು ಸಲ ಕರೆಯಬೇಕಾಗಿಲ್ಲ. ವಿಮಾನ ನಿಲ್ದಾಣದಲ್ಲಿ ಆತ ಕರೆಸಿದ ಎರಡನೇ ಅಧಿಕಾರಿಣಿ ನನ್ನ ಕಥೆಯನ್ನೆಲ್ಲ ಕೇಳಿ, "ತಂಗಿಯ ಮಗಳನ್ನು ನೋಡಲು ಬಂದೆ ಅನ್ನಿ, ಸಾಕು" ಎಂದು ಹೇಳಿಕೊಟ್ಟಳು. ಹಾಗೇ ಅಂದೆ. ಠಸ್ಸೆ ಬಿತ್ತು.

ಲೆಮಿಂಗ್ಟನ್ ಸ್ಪಾ

ಈ ಊರಿನ ಪೂರ್ತಿ ಹೆಸರಿನ ಮುಂದೆ 'ರಾಯಲ್' ಎಂದು ಇದೆ. ಹಿಂದೆ ರಾಜಮನೆತನದವರು ಇಲ್ಲಿಗೆ ಬಂದು ಉಪ್ಪುಪ್ಪಾದ ಬುಗ್ಗೆ ನೀರು ಕುಡಿದು ಹೋದರಂತೆ, ಅದಕ್ಕೆ. ಈಗ ಆ ನೀರನ್ನು ಕುಡಿಯುವವರು ಯಾರೂ ನನ್ನ ಕಣ್ಣಿಗೆ ಬೀಳಲಿಲ್ಲ. ಮನೆಗಳೆಲ್ಲ ಬಿಳಿ ಸುಣ್ಣ ಹೊಡೆದುಕೊಂಡು, ಮದುವೆಗೆ ಬಂದು ಊಟಕ್ಕೆ ಕರೆಯದಿದ್ದುದಕ್ಕೆ ಮುನಿಸಿಕೊಂಡ ಬೀಗರಂತೆ ನಿಂತಿವೆ.

ನನ್ನ ಮೊದಲ ಅಪರಾಧ ಬಾಳೆಹಣ್ಣಿನ ಸಿಪ್ಪೆ. ಅದನ್ನು ಕಾಗದ ಹಾಕುವ ಡಬ್ಬಿಗೆ ಹಾಕಿದ್ದೆ. ಪಕ್ಕದ ಮನೆಯವರು ಬಂದು ಗಂಟೆ ಒತ್ತಿ, ಇವತ್ತು ಬಿಸಿಲಿದೆ ಎಂದರು. ನಾಳೆ ಇರಲಾರದು ಎಂದರು. ನಿಮ್ಮ ಸೀರೆ ಚೆನ್ನಾಗಿದೆ ಎಂದರು. ಕೊನೆಗೆ ಸಿಪ್ಪೆಯ ವಿಷಯ ಎತ್ತಿ, ಅದೇನೂ ತೊಂದರೆಯಿಲ್ಲ, ಖಂಡಿತ ತೊಂದರೆಯಿಲ್ಲ ಎಂದು ಹೇಳಿ ಹೋದರು. ಎಂಥ ಒಳ್ಳೆಯ ಮನುಷ್ಯ ಎಂದು ನಾನು ವಿದ್ಯಾಳ ಮುಂದೆ ಹೊಗಳಿದೆ.

"ತೊಂದರೆಯಿಲ್ಲ ಅಂದ್ರೆ ದೊಡ್ಡ ತೊಂದರೆ ಅಂತ ಅರ್ಥ ದೊಡ್ಡಮ್ಮ. ಎರಡು ಸಲ ಅಂದ್ರಾ?" ಎಂದು ಕೇಳಿದಳು. ಅಂದರು ಎಂದೆ. ಅವಳು ತಲೆ ಮೇಲೆ ಕೈ ಇಟ್ಟುಕೊಂಡು ಡಬ್ಬಿ ತೊಳೆಯಲು ಹೋದಳು.

ಮರುದಿನ ಪ್ರವೀಣ ನನ್ನನ್ನು ಕಚೇರಿಗೆ ಕರೆದುಕೊಂಡು ಹೋದ. ಅದನ್ನು ಕಚೇರಿ ಎನ್ನಬೇಕೋ ಹಾಸ್ಟೆಲ್ ಎನ್ನಬೇಕೋ ತಿಳಿಯದು. ಗಡ್ಡ ಬಿಟ್ಟವರು ಕಾಲುಚೀಲದಲ್ಲೇ ಓಡಾಡುತ್ತಿದ್ದರು, ಮೇಜಿನ ಕೆಳಗೆ ನಾಯಿಯೊಂದು ಮಲಗಿತ್ತು. ಎಲ್ಲರಿಗೂ ಮೇಲಿನವನಾದ ಕ್ರೇಗ್ ಚಡ್ಡಿಯಲ್ಲಿ ಬಂದು ಕೈ ಕುಲುಕಿ, ನನ್ನಂಥವರನ್ನೇ ಇಷ್ಟು ದಿನ ಕಾಯುತ್ತಿದ್ದೆವು ಎಂದ. ಏನು ಹೇಳಿದರೂ ಕೊನೆಗೆ 'ಅಥೆಂಟಿಕ್' ಎಂದು ಸೇರಿಸುವುದು ಅವನ ರೂಢಿ. ನಮ್ಮ ಪ್ರಿನ್ಸಿಪಾಲರೊಬ್ಬರು ಹೀಗೇ 'ಮೌಲ್ಯ' ಎನ್ನುತ್ತಿದ್ದರು.

ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಬೀದಿ ತೆರೆದುಕೊಂಡಿತು. ನಿಜ ಹೇಳಬೇಕೆಂದರೆ ನನ್ನ ಎದೆ ಒಂದು ಸಲ ಹಾರಿತು. ನಾನು ಸೀಮೆಸುಣ್ಣದಲ್ಲಿ ಗೀಚುತ್ತಿದ್ದ ಬೀದಿಯೇ ಅದು. ಹುಲ್ಲು, ಹಸಿರು ಫ್ರಿಜ್ಜು, ರೆಕ್ಕೆಯ ಕಾರು, ಮಾಂಸ ಸುಡುವ ಒಲೆ, ಒಲೆಯ ಮುಂದೆ ಏಪ್ರನ್ ಕಟ್ಟಿಕೊಂಡ ಗಂಡಸು. ಆಡುವವನು ಆ ಬೀದಿಗೆ ಹೊಸ ಬಾಡಿಗೆದಾರನಾಗಿ ಬಂದು ನೆರೆಯವರ ಸ್ನೇಹ ಮಾಡಿಕೊಳ್ಳಬೇಕು, ಇದೇ ಆಟ.

ಆಮೇಲೆ ಆ ನೆರೆಯವರನ್ನು ನೋಡಿದೆ. ಒಂದು ಮನೆಯಲ್ಲಿ ಕಪ್ಪು ವರ್ಣದ ಡಾಕ್ಟರು, ಇನ್ನೊಂದರಲ್ಲಿ ಚೀನೀ ಅಂಗಡಿಯವರು, ಅದರಾಚೆ ಮೆಕ್ಸಿಕೋದವರ ನಾಲ್ಕಾರು ಮಕ್ಕಳು. ಎಲ್ಲರೂ ಎಲ್ಲರಿಗೂ ಕೈ ಬೀಸುತ್ತಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಇದು ಅಮೆರಿಕದ ಬೀದಿಯಲ್ಲ, ನಮ್ಮ ಗಣರಾಜ್ಯೋತ್ಸವದ ಸ್ತಬ್ಧಚಿತ್ರ ಎಂದೆ. ಅಷ್ಟರಲ್ಲಿ ಒಂಬತ್ತನೇ ನಂಬರಿನ ಮನೆ ಬಂತು. ಹತ್ತಿ ಸೀರೆಯುಟ್ಟ ಒಬ್ಬ ಹೆಂಗಸು ಉದ್ದನೆಯ ಪೈಪು ಹಿಡಿದು ಹುಲ್ಲಿಗೆ ನೀರು ಬಿಡುತ್ತಿದ್ದರು.

"ಇವಳು ಇಲ್ಲಿಗೆ ಹೇಗೆ ಬಂದಳು? ಮೊದಲು ಇವಳನ್ನು ತೆಗೆಯಿರಿ," ಎಂದು ನಾನು ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನಲ್ಲಿ ಹೇಳಿದೆ.

ಕ್ರೇಗ್ ನಕ್ಕು ಏನೋ ಬರೆದುಕೊಂಡ. ಪ್ರವೀಣ ನಗಲಿಲ್ಲ. ಪರದೆಯ ಮೇಲೆ ಓಡಾಡುತ್ತಿದ್ದ ಅವನ ಬಾಣದ ಗುರುತು ಆ ಹೆಂಗಸಿನ ಹತ್ತಿರ ನಿಂತುಬಿಟ್ಟಿತು.

ಮ್ಯಾಂಚೆಸ್ಟರ್

ವಿದ್ಯಾಳಿಗೆ ಆಸ್ಪತ್ರೆಯ ರೋಟಾದಲ್ಲಿ, ಅಂದರೆ ಪಾಳಿಯ ಪಟ್ಟಿಯಲ್ಲಿ, ಎರಡು ದಿನ ಬಿಡುವು ಸಿಕ್ಕಿತ್ತು. ಲೀಡ್ಸ್‌ನಲ್ಲಿ ಹಳೆಯ ಅಮೆರಿಕದ ವೇಷ ಹಾಕಿ ಕುಣಿಯುವವರ ಮೇಳವಿದೆ, ಪ್ರವೀಣ ಅಲ್ಲಿ ಕಾರು ಫ್ರಿಜ್ಜುಗಳ ಫೋಟೋ ತೆಗೆಯಬೇಕಿತ್ತು. ದಾರಿಯಲ್ಲಿ ಮ್ಯಾಂಚೆಸ್ಟರ್ ನೋಡಿಕೊಂಡು ಹೋಗೋಣ ಎಂದು ನಾನೇ ಹಟ ಹಿಡಿದೆ. 'ಕರ್ನಾಟಕದ ಮ್ಯಾಂಚೆಸ್ಟರ್'ನಿಂದ ಬಂದವಳು ಅಸಲಿ ಮ್ಯಾಂಚೆಸ್ಟರ್ ನೋಡದೆ ಹೋದರೆ ಹೇಗೆ?

ರೈಲು ತಡವಾಗಿ ಬಂತು, ಬಂದ ಮೇಲೆ ನಿಂತಿತು, ನಿಂತಾಗಲೆಲ್ಲ ಕ್ಷಮೆ ಕೇಳಿತು. ನಮ್ಮ ನಿಲ್ದಾಣದಲ್ಲೂ ಅಡಚಣೆಗಾಗಿ ವಿಷಾದಿಸುವ ಹೆಂಗಸಿನ ದನಿ ಇದೆ, ಆದರೆ ಅವಳಿಗೆ ವಿಷಾದವಿಲ್ಲವೆಂದು ನಮಗೆ ಗೊತ್ತು, ನಾವು ಎದ್ದು ಹೋಗಿ ಟೀ ಕುಡಿಯುತ್ತೇವೆ. ಇಲ್ಲಿನವರು ಪ್ರತಿ ಸಲವೂ ನಂಬುತ್ತಾರೆ.

ಮ್ಯಾಂಚೆಸ್ಟರಿನ ಗಿರಣಿಗಳನ್ನು ಕಂಡು ನಮ್ಮ ದಾವಣಗೆರೆಯ ಬಗ್ಗೆ ಹೆಮ್ಮೆ ಪಡುವಂಥದ್ದೇನೂ ಸಿಗಲಿಲ್ಲ. ಅಲ್ಲೂ ಮಿಲ್ಲು ಮುಚ್ಚಿವೆ, ಇಲ್ಲೂ ಮುಚ್ಚಿವೆ. ನಮ್ಮಲ್ಲಿ ಮುಚ್ಚಿದ ಮೇಲೆ ಪೊದೆ ಬೆಳೆಯಿತು, ಇವರಲ್ಲಿ ಕಾಫಿ ಅಂಗಡಿ ಬೆಳೆಯಿತು. ಕೂಲಿಯವರ ಮಕ್ಕಳು ಕೆಮ್ಮಿ ಸತ್ತ ಅಂತಸ್ತಿನಲ್ಲಿ ಈಗ ಬಾಡಿಗೆ ಕೊಟ್ಟು ಇರುವವರು ಇಟ್ಟಿಗೆಯ ಗೋಡೆಗೆ ಗಾರೆ ಮಾಡಿಸದೆ ಹಾಗೇ ಬಿಟ್ಟು, ಅದನ್ನೇ ಚೆಂದ ಎನ್ನುತ್ತಾರೆ. ನಮ್ಮೂರಿನಲ್ಲಿ ಗಾರೆ ಮಾಡಿಸದ ಮನೆ ಕಂಡರೆ ಪಾಪ, ಕೈ ಬಿಗಿ ಇರಬೇಕು ಎಂದುಕೊಳ್ಳುತ್ತೇವೆ.

ಪ್ರವೀಣ ಕಾಲುವೆಯ ಆಚೆ ದಡಕ್ಕೆ ಹೋಗಿ ಫೋಟೋ ತೆಗೆಯುತ್ತಿದ್ದ. ವಿದ್ಯಾ ನನ್ನ ಪಕ್ಕ ಬೆಂಚಿನ ಮೇಲೆ ಕೂತಳು.

"ದೊಡ್ಡಮ್ಮ, ಆ ಒಂಬತ್ತನೇ ನಂಬರ್ ಮನೆಯವರು ಇದಾರಲ್ಲ. ಅದು ಅವರ ಅಮ್ಮ."

"ಯಾರ ಅಮ್ಮ?"

"ಪ್ರವೀಣ್ ಅವರ ಅಮ್ಮ. ಫೋಟೋ ಇಟ್ಕೊಂಡು ಮುಖ ಮಾಡಿದಾರೆ. ಆಫೀಸಲ್ಲಿ ಯಾರಿಗೂ ಹೇಳಿಲ್ಲ. ನಿಮಗೂ ಹೇಳಬೇಡ ಅಂದಿದ್ರು."

ಪ್ರವೀಣನ ತಾಯಿ ದುಗ್ಗಮ್ಮನವರನ್ನು ನಾನು ಒಂದೇ ಸಲ ನೋಡಿದ್ದು, ಇವರಿಬ್ಬರ ರಿಜಿಸ್ಟರ್ ಮದುವೆಯ ದಿನ. ಅಂಗನವಾಡಿಯಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸು, ಗುಂಪು ಫೋಟೋ ತೆಗೆಯುವಾಗ ಅಂಚಿಗೆ ಹೋಗಿ ನಿಂತಿದ್ದರು. ನಮ್ಮ ಕಡೆಯವರು ಅರ್ಧ ಜನ ಆ ಮದುವೆಗೆ ಬರಲೇ ಇಲ್ಲ, ಏಕೆಂದು ಬಿಡಿಸಿ ಹೇಳಬೇಕಾಗಿಲ್ಲ. ಇವರು ಇಂಗ್ಲೆಂಡಿಗೆ ಬರುವ ಮೊದಲೇ ಆಕೆ ತೀರಿಕೊಂಡರು. ಅಂಥವರನ್ನು ನಾನು ಅಷ್ಟು ಜನರ ಮುಂದೆ ಮೊದಲು ತೆಗೆಯಿರಿ ಎಂದಿದ್ದೆ. ನನಗೆ ತುಂಬ ನಾಚಿಕೆಯಾಯಿತು. ಜೊತೆಗೆ ಸಿಟ್ಟೂ ಬಂತು, ಏಕೆಂದರೆ ನಾನು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಲೀಡ್ಸ್

ಲೀಡ್ಸ್‌ನ ಹೊರವಲಯದ ಒಂದು ಹಳೆಯ ಸಭಾಂಗಣದಲ್ಲಿ ಅಮೆರಿಕ ಸೇರಿತ್ತು. ಮೊಮ್ಮಕ್ಕಳನ್ನು ಕಂಡ ಹೆಂಗಸರು ಛತ್ರಿಯಂಥ ಲಂಗ ತೊಟ್ಟು ತಲೆಗೆ ರಿಬ್ಬನ್ ಕಟ್ಟಿದ್ದರು. ಗಂಡಸರು ಉಳಿದಿದ್ದ ನಾಲ್ಕು ಕೂದಲಿಗೆ ಎಣ್ಣೆ ಬಳಿದು ಹಿಂದಕ್ಕೆ ಬಾಚಿ, ಮೂಗಿನಲ್ಲಿ ಅಮೆರಿಕನ್ ಇಂಗ್ಲಿಷ್ ಆಡುತ್ತಿದ್ದರು. ಹೊರಗೆ ಗುಲಾಬಿ ಬಣ್ಣದ ರೆಕ್ಕೆಯ ಕಾರೊಂದು ಓಣಿಯಲ್ಲಿ ತಿರುಗಲಾಗದೆ ಕಲ್ಲಿನ ಗೋಡೆಗೆ ಸಿಕ್ಕಿಕೊಂಡಿತ್ತು. ಸಮುದ್ರದಷ್ಟು ಅಗಲದ ರಸ್ತೆಗೆಂದು ಮಾಡಿದ ಬಂಡಿ ಅದು, ಕುದುರೆ ಹೋಗುವ ಸಂದಿಗೆ ತಂದಿದ್ದರು. ಚರ್ಮದ ಕೋಟಿನವರೆಲ್ಲ ಸೇರಿ ಅದನ್ನು ನೂಕುವಾಗ ಅಮೆರಿಕನ್ ಮರೆತು ಸೊಗಸಾದ ಯಾರ್ಕ್‌ಷೈರ್ ಭಾಷೆಯಲ್ಲಿ ಬೈದಾಡಿದರು.

ರಿಬ್ಬನ್ನಿನ ಒಬ್ಬಾಕೆಯನ್ನು, ಆ ಕಾಲದಲ್ಲಿ ನಿಮ್ಮ ತಾಯಿಯ ಮನೆಯಲ್ಲಿ ಇಂಥ ಫ್ರಿಜ್ಜು ಇತ್ತೇ ಎಂದು ಕೇಳಿದೆ. ಆಕೆ ನಕ್ಕು, ಅಲ್ಲಿ ಯಾರನ್ನಾದರೂ ಕರೆಯುವಂತೆ ನನ್ನನ್ನೂ 'ಲವ್' ಎಂದು ಕರೆದು, ಎಲ್ಲಿಯ ಫ್ರಿಜ್ಜು, ಯುದ್ಧ ಮುಗಿದು ಎಷ್ಟೋ ವರ್ಷ ಸಕ್ಕರೆ, ಮಾಂಸ ಎಲ್ಲ ರೇಷನ್ನು, ಅಮ್ಮ ಪತ್ರಿಕೆಯಲ್ಲಿ ಬಂದ ಅಮೆರಿಕದ ಅಡುಗೆಮನೆಯ ಚಿತ್ರ ಕತ್ತರಿಸಿ ಗೋಡೆಗೆ ಅಂಟಿಸಿದ್ದಳು ಎಂದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವುದನ್ನು ಕೇಳಿದ್ದೆ. ಇವರು ಆ ಮಲ್ಲಿಗೆಯನ್ನೂ ಪಕ್ಕದ ಮನೆಯವರಿಂದ ಕಡ ತಂದಿದ್ದರು. ಪ್ರಪಂಚವನ್ನೆಲ್ಲ ಆಳಿದ ಜನ ಇನ್ನೊಬ್ಬರ ಸುಖವನ್ನು ವೇಷ ಕಟ್ಟಿ ಕುಣಿಯುವುದನ್ನು ನೋಡಿ ನನಗೆ ಕರುಣೆ ಬರಬೇಕಿತ್ತು, ಬರಲಿಲ್ಲ.

ಕುಣಿಯಲು ಬಾ ಎಂದು ಒಬ್ಬ ಮುದುಕ ವಿದ್ಯಾಳನ್ನು ಎಳೆದುಕೊಂಡು ಹೋದ. ನಾನೂ ಪ್ರವೀಣನೂ ಕಪ್ಪು ಬಿಳುಪು ಚೌಕದ ನೆಲದ ಮೇಲಿದ್ದ ಒಂದು ಮೇಜಿಗೆ ಎದುರುಬದುರು ಕೂತೆವು. ಅಳಿಯನಿಗೆ ಬಹುವಚನ ಹಚ್ಚುವುದು ನಮ್ಮ ಮನೆಯ ಪದ್ಧತಿ.

"ಪ್ರವೀಣ, ಆ ದಿನ ನಿಮ್ಮ ತಾಯಿಯವರು ಅಂತ ಗೊತ್ತಿಲ್ದೆ ಮಾತಾಡಿಬಿಟ್ಟೆ."

"ಗೊತ್ತು ದೊಡ್ಡಮ್ಮ. ಆದ್ರೆ ನೀವು ಹೇಳಿದ್ದು ತಪ್ಪಲ್ಲ, ಅಲ್ವಾ?"

"ತಪ್ಪಲ್ಲ. ಅದೇ ಕಷ್ಟ."

ಅವನಿಗೆ ವಿವರಿಸಿದೆ. ಆ ಹೊಸ ಬಡಾವಣೆಗಳ ಎಷ್ಟೋ ಮನೆಪತ್ರಗಳಲ್ಲಿ 'ಕವೆನೆಂಟ್' ಎಂಬ ಒಂದು ಷರತ್ತು ಇರುತ್ತಿತ್ತು. ಬಿಳಿಯರಲ್ಲದವರು ಈ ಮನೆಯಲ್ಲಿ ವಾಸ ಮಾಡಕೂಡದು, ಮನೆಗೆಲಸದ ಆಳಾಗಿದ್ದರೆ ಮಾತ್ರ ಇರಬಹುದು. ನ್ಯಾಯಾಲಯ ಇದನ್ನು ನಾವು ಜಾರಿ ಮಾಡಿಕೊಡುವುದಿಲ್ಲ ಎಂದ ಮೇಲೂ ಮನೆ ಮಾರುವವರು, ಸಾಲ ಕೊಡುವವರು ಬಾಯಿಮಾತಿನಲ್ಲೇ ಅದನ್ನು ನಡೆಸಿಕೊಂಡು ಬಂದರು. ಕವೆನೆಂಟ್ ಎಂದರೆ ಬೈಬಲ್ಲಿನಲ್ಲಿ ದೇವರು ಮನುಷ್ಯನಿಗೆ ಕೊಟ್ಟ ಮಾತು. ಆ ಪುಣ್ಯಾತ್ಮರು ಅದೇ ಹೆಸರನ್ನು ಇದಕ್ಕೂ ಇಟ್ಟಿದ್ದರು. ಊರೂರೇ ಉಂಡು ತೇಗಿದ ಕಾಲ ಎಂದು ಹೊಗಳುತ್ತಾರಲ್ಲ, ಆ ಪಂಕ್ತಿಯಲ್ಲಿ ಯಾರನ್ನು ಕೂರಿಸಲಿಲ್ಲ ಎಂಬುದನ್ನು ಪಾಠದ ಕೊನೆಯ ಪ್ಯಾರಾಕ್ಕೆ ತಳ್ಳುತ್ತಾರೆ.

ಪ್ರವೀಣ ಪೂರ್ತಿ ಕೇಳಿಸಿಕೊಂಡ. ಆಮೇಲೆ, "ಅವ್ರು ಬರೆದಾದ್ರೂ ಇಟ್ಟಿದ್ರಲ್ಲ," ಎಂದ.

"ಅಂದ್ರೆ?"

"ದಾವಣಗೆರೆಲಿ ಅಮ್ಮನ ಜೊತೆ ಮನೆ ನೋಡೋಕೆ ಹೋಗ್ತಿದ್ದೆ. ಮೊದ್ಲು ಕೂತ್ಕೊಳ್ರಿ ಅನ್ನೋರು, ನೀರು ಕೊಡೋರು. ಆಮೇಲೆ 'ನಿಮ್ದು ಯಾವ ಜನ' ಅಂತ ಕೇಳೋರು. ಅಮ್ಮ ಸುಳ್ಳು ಹೇಳ್ತಿರಲಿಲ್ಲ. ಹೇಳಿದ ಕೂಡ್ಲೇ ಆ ಮನೆ ನಿನ್ನೆನೇ ಯಾರಿಗೋ ಕೊಟ್ಟಾಗಿರೋದು."

ಪ್ರವೀಣ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡ.

"ಸಿಕ್ಕ ಮನೇಲೂ ಅಮ್ಮ ನೆಲದಲ್ಲಿ ಒಂದು ಗಿಡ ಹಾಕ್ಲಿಲ್ಲ ದೊಡ್ಡಮ್ಮ. ಎಲ್ಲ ಎಣ್ಣೆ ಡಬ್ಬದಲ್ಲೇ. ಖಾಲಿ ಮಾಡ್ರಿ ಅಂದಾಗ ಎತ್ಕೊಂಡು ಹೋಗ್ಬೇಕಲ್ಲ. ಅವಳಿಗೆ ನಾನು ಮನೆ ಕಟ್ಟಿಸಿಕೊಡೋಷ್ಟರಲ್ಲಿ ಹೋಗಿಬಿಟ್ಲು. ಅದಕ್ಕೆ ಅಲ್ಲಿ ಕೊಟ್ಟೆ. ಸುಳ್ಳು ಅಂತ ನನಗೂ ಗೊತ್ತು." ಆಮೇಲೆ ಹೇಳಿದ: "ಮುಂದಿನ ವಾರ ಬೀದಿ ಫೈನಲ್ ಆಗುತ್ತೆ. ಕ್ರೇಗ್ ನಿಮ್ಮನ್ನೇ ಕೇಳ್ತಾನೆ. ನಿಜ ಏನಿದೆಯೋ ಅದನ್ನೇ ಹೇಳ್ರಿ. ನನ್ನ ಮುಖ ನೋಡಬೇಡ್ರಿ."

ಯಾವ ಜನ ಎಂಬ ಆ ಪ್ರಶ್ನೆಯನ್ನು ಬಂದವರಿಗೆ ಕೇಳುವುದನ್ನು ನಾನು ಎಷ್ಟು ಮನೆಗಳ ಜಗಲಿಯ ಮೇಲೆ ಕೂತು ಕೇಳಿಸಿಕೊಂಡಿಲ್ಲ! ಈಗಿನವರು ಇನ್ನೂ ನಾಜೂಕು, 'ಸಸ್ಯಾಹಾರಿಗಳಿಗೆ ಮಾತ್ರ' ಎಂದು ಬೋರ್ಡು ಹಾಕುತ್ತಾರೆ, ತರಕಾರಿಯ ಮರೆಯಲ್ಲಿ ನಿಂತು ಜಾತಿ ಕೇಳುತ್ತಾರೆ. ನಾನು ಅಮೆರಿಕದ ಹುಳುಕನ್ನು ಬಿಡಿಸಿ ಬಿಡಿಸಿ ಹೇಳಿದ ನಮ್ಮ ಕಾಲೇಜಿನ ಸುತ್ತಲಿನ ಬೀದಿಗಳೂ ಅಂಥವೇ. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ, ನನಗೆ ದೂರದ ಬೆಟ್ಟದ ಕಲ್ಲು ಮುಳ್ಳೆಲ್ಲ ಬಾಯಿಪಾಠವಿತ್ತು. ಮಿಲ್ಕ್‌ಶೇಕ್ ತಂದಿಟ್ಟರು, ಅದು ಸಕ್ಕರೆ ಪಾಕ. ಇಬ್ಬರೂ ಒಂದು ಗುಟುಕಿಗೇ ಬಿಟ್ಟು ಎದ್ದೆವು.

ಮತ್ತೆ ಲೆಮಿಂಗ್ಟನ್

ಬೀದಿಯನ್ನು ಫೈನಲ್ ಮಾಡುವ ಸಭೆಗೆ ನಾವು ಬರುವಷ್ಟರಲ್ಲಿ ಕ್ರೇಗ್ ಎಲ್ಲ ತೀರ್ಮಾನ ಮಾಡಿಕೊಂಡಿದ್ದ. ನನ್ನ ಮಾತು ಅವನ ಕಣ್ಣು ತೆರೆಸಿತಂತೆ. ಬೀದಿಯನ್ನು ಅಥೆಂಟಿಕ್ ಮಾಡಿಬಿಡೋಣ ಎಂದ. ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗಿ ಒಂದೊಂದೇ ಮನೆಯ ಮೇಲೆ ಬಾಣ ಇಟ್ಟು ಒತ್ತಿದಳು. ಡಾಕ್ಟರು ಹೋದರು. ಅಂಗಡಿಯವರು ಹೋದರು. ಸೈಕಲ್ ಹೊಡೆಯುತ್ತಿದ್ದ ಮಕ್ಕಳು ಹೋದರು, ಸೈಕಲ್ಲು ಮಾತ್ರ ಹುಲ್ಲಿನ ಮೇಲೆ ಉಳಿಯಿತು, ಅದನ್ನೂ ತೆಗೆದಳು. ಆ ಮನೆಗಳಲ್ಲೆಲ್ಲ ಹೊಂಬಣ್ಣದ ಕೂದಲಿನವರು ಬಂದು ನಿಂತು ಕೈ ಬೀಸಿದರು.

ಬೀದಿ ಈಗ ಮೊದಲಿಗಿಂತ ಚೆನ್ನಾಗಿ ಕಾಣುತ್ತಿತ್ತು. ಅದನ್ನು ಕಂಡು ನನಗೆ ಭಯವಾಯಿತು.

"ಬರಬೇಡಿ ಅಂದವರನ್ನು ಎಲ್ಲಿ ತೋರಿಸುತ್ತೀರಿ? ಮನೆ ಮಾರುವವನ ಕಚೇರಿ ಎಲ್ಲಿ? ಅಲ್ಲಿಂದ ವಾಪಸ್ ಹೋಗುವವರು ಎಲ್ಲಿ?" ಎಂದು ಕೇಳಿದೆ.

ಕ್ರೇಗ್ ಮುಖ ಸಣ್ಣದು ಮಾಡಿದ. ಆಟದ ಮೊದಲ ಭಾಗ ಖುಷಿಯಾಗಿರಬೇಕು, ಅಂಥ ಕತ್ತಲೆಯದೆಲ್ಲ ಮುಂದೆಲ್ಲಾದರೂ ಬಂದರೆ ಬರಬಹುದು, ತೊಂದರೆಯಿಲ್ಲ, ಖಂಡಿತ ತೊಂದರೆಯಿಲ್ಲ ಎಂದ. ಇಷ್ಟು ದಿನದಲ್ಲಿ ನನಗೂ ಆ ಭಾಷೆ ಬಂದಿತ್ತು. ಹೊರಗಾದವರ ಕಥೆ ಹೇಳಲು ಬಂದ ನನ್ನ ಕೈಗೇ ಪೊರಕೆ ಕೊಟ್ಟು, ಬೀದಿಯಲ್ಲಿ ಇದ್ದವರನ್ನೂ ಗುಡಿಸಿ ಹಾಕಿಸಿದ್ದರು. ಸುಳ್ಳು ಬೀದಿಯೇ ವಾಸಿಯಾಗಿತ್ತು, ಅದರಲ್ಲಿ ನಾಚಿಕೆಯಾದರೂ ಇತ್ತು.

ಒಂಬತ್ತನೇ ನಂಬರ್ ಒಂದು ಉಳಿದಿತ್ತು. ಹುಡುಗಿ ಬಾಣವನ್ನು ಸೀರೆಯ ಹೆಂಗಸಿನ ಮೇಲಿಟ್ಟು ಕಾದಳು. ಕ್ರೇಗ್ ನನ್ನ ಕಡೆ ತಿರುಗಿದ.

"ನಿಜವಾಗಿಯೂ ಅಂಥ ಬೀದಿಗಳಲ್ಲಿ ಇಂಥವರು ಒಬ್ಬರೂ ಇರಲಿಲ್ಲವೇ?"

ಪ್ರವೀಣ ತನ್ನ ಕೈಗಳನ್ನು ನೋಡಿಕೊಳ್ಳುತ್ತ ಕೂತಿದ್ದ.

"ಇದ್ದರು," ಎಂದೆ. "ಅಲ್ಲೊಂದು ಇಲ್ಲೊಂದು ಕುಟುಂಬ ಹೇಗೋ ಮನೆ ಕೊಂಡು ಬಂದಿತ್ತು. ಬಂದ ದಿನವೇ ಮನೆ ಮುಂದೆ ಜನ ಸೇರಿದರು. ಕೂಗಿದರು. ಕಿಟಕಿಗೆ ಕಲ್ಲು ಹೊಡೆದರು. ಪೊಲೀಸರು ಕೈಕಟ್ಟಿ ನೋಡುತ್ತಿದ್ದರು. ಕೆಲವರು ಬಿಟ್ಟು ಹೋದರು, ಕೆಲವರು ಬಿಡಲಿಲ್ಲ. ಅವರು ಸೀರೆಯವರಲ್ಲ, ಕಪ್ಪು ಜನ. ಅಷ್ಟರಮಟ್ಟಿಗೆ ಇತಿಹಾಸ ಬಾಗುತ್ತದೆ, ಬಾಗಲಿ. ಈಕೆ ಇರಲಿ. ಆದರೆ ಕಿಟಕಿ ಒಡೆದಿರಬೇಕು."

ನಾಯಿ ಎದ್ದು ಮೈ ಕೊಡವಿತು. ಕ್ರೇಗ್ ಪರದೆಯ ಹತ್ತಿರ ಹೋಗಿ ನೋಡಿದ. ಇಷ್ಟು ಚೆಂದದ ಬೀದಿಯಲ್ಲಿ ಒಂದೇ ಒಂದು ಒಡೆದ ಕಿಟಕಿ, ಆಡುವವನು ನಿಂತು ನೋಡಿಯೇ ನೋಡುತ್ತಾನೆ ಎಂದ. ಈ ಸಲ ಆ ಹಾಳು ಪದ ಸೇರಿಸಲಿಲ್ಲ. ಆ ಮನೆ ಬಿಡಿಸಿದವನು ನೀನೇ ಅಲ್ಲವೇ, ನೀನೇ ಮಾಡು ಎಂದು ಪ್ರವೀಣನಿಗೆ ಹೇಳಿ ಹೋದ.

ಉಳಿದವರೂ ಎದ್ದು ಹೋದರು. ಪ್ರವೀಣ ಬಂದು ಆ ಹುಡುಗಿಯ ಕುರ್ಚಿಯಲ್ಲಿ ಕೂತ. ನಾನು ಅವನ ಬೆನ್ನ ಹಿಂದೆ ನಿಂತೆ. ಅವನ ತಾಯಿಯ ಮನೆಗೆ ಅವನ ಕೈಯಿಂದಲೇ ಕಲ್ಲು ಹೊಡೆಸುತ್ತಿದ್ದೇನೆಂಬುದು ಆಗ ನನ್ನ ತಲೆಗೆ ಹೊಳೆಯಿತು. ಬೇಡ ಬಿಡಪ್ಪ, ಎದ್ದೇಳು ಎಂದು ಬಾಯಿಗೆ ಬಂತು. ಅವನು ಆಗಲೇ ಕಿಟಕಿಯನ್ನು ದೊಡ್ಡದು ಮಾಡಿ ಗಾಜನ್ನು ನೋಡುತ್ತಿದ್ದ.

"ಅಮ್ಮ ಮನೆ ಬಿಟ್ಟು ಹೋಗಲ್ಲ ಅಲ್ವಾ ದೊಡ್ಡಮ್ಮ?"

"ಹೋಗಲ್ಲ. ನೀರು ಹಾಯಿಸ್ತಾನೇ ಇರ್ತಾರೆ."

ಅವನು ಗಾಜಿನ ಮೇಲೆ ಒಂದು ಚುಕ್ಕೆ ಇಟ್ಟ. ಬಿರುಕು ಎಳೆಯುವ ಮೊದಲು ಕೈ ತಡೆದು ಕೇಳಿದ.

"ಕಲ್ಲು ಯಾವ ಕಡೆಯಿಂದ ಬರಬೇಕು?"

ನಾನು ಬೀದಿಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದೆ. ಎಲ್ಲರೂ ನಗುತ್ತ ಕೈ ಬೀಸುತ್ತಿದ್ದರು.

"ಪಕ್ಕದ ಮನೆಯಿಂದ," ಎಂದೆ.